ಹಟ್ಟಿಯಲ್ಲಿ ಕರು ಹಾಕುವ ಕಾಲ

ಕುರಿ ಎಂಬ ಪ್ರಾಣಿಯನ್ನು ನಾನು ಮೊತ್ತಮೊದಲು ಕಂಡದ್ದು ಪ್ರಾಥಮಿಕ ಶಾಲೆಯ ಪಠ್ಯಪುಸ್ತಕದ ಚಿತ್ರದಲ್ಲಿ. ಜೀವಂತ ಕುರಿಯನ್ನು ಕಾಣಲು ಘಟ್ಟ ಹತ್ತಿ ಹಾಸನದ ದಾರಿ ಹಿಡಿಯಬೇಕಾಯಿತು. ಆಗ ನನಗೆ ಹದಿನೇಳು ವರ್ಷ. ಪುತ್ತೂರು, ಸುಳ್ಯ, ಈಚೆಗೆ ಬೇರೆ ತಾಲ್ಲೂಕಾದ ಕಡಬ, ಈ ಮೂರರಲ್ಲಿ ಎಲ್ಲಿ ಹುಡುಕಿದರೂ ಕುರಿಮಂದೆ ಎಂಬುದು ಕಣ್ಣಿಗೆ ಬೀಳದು. ವರ್ಷಕ್ಕೆ ೩೫೦೦ರಿಂದ ೪೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿದು. ನಾಲ್ಕು ತಿಂಗಳು ಒಣಗದ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ನೆನೆದ ಉಣ್ಣೆ ಆರುವುದಿಲ್ಲ, ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಬಯಲುಸೀಮೆಯ ಡೆಕ್ಕನಿಯಾಗಲಿ ಬನ್ನೂರಿನ ಕುರಿಯಾಗಲಿ ಇಲ್ಲಿ ಒಂದು ಆಟಿ ತಿಂಗಳನ್ನು ಕಳೆಯುವುದು ಕಷ್ಟ. ಹಾಗೆಂದು ಕುರಿಯ ಋಣ ನಮಗಿಲ್ಲವೆಂದಲ್ಲ. ಬೇಸಗೆಯಲ್ಲಿ ಘಟ್ಟದ ಮೇಲಿನಿಂದ ಲಾರಿಗಳು ಗೋಣಿಗಳನ್ನು ಹೇರಿಕೊಂಡು ಇಳಿಯುತ್ತವೆ. ಗೋಣಿಯ ಬಾಯಿ ಬಿಚ್ಚಿದರೆ ಒಣಗಿದ ಕುರಿಹಿಕ್ಕೆ. ಕುರಿ ನಮ್ಮೂರಿಗೆ ಬರುವುದು ಈ ರೂಪದಲ್ಲಿ ಮಾತ್ರ. ಬಂದು ಅಡಿಕೆ ಮರದ ಬುಡ ಸೇರುತ್ತದೆ.

ಶೀತದೇಶಗಳಲ್ಲಿ ವಸಂತ ಬಂದೊಡನೆ ಕುರಿಗಳು ಮರಿ ಹಾಕುವುದು, ರೈತನ ಮನೆಯವರೆಲ್ಲ ರಾತ್ರಿ ಹಗಲು ಲಾಂದ್ರ ಹಿಡಿದು ಓಡಾಡುವುದು, ಚಳಿಗೆ ಸೆಟೆದ ಮರಿಯನ್ನು ಒಲೆಯ ಬಳಿ ಮಲಗಿಸುವುದು, ಇವನ್ನೆಲ್ಲ ಓದಿದಾಗ ನನಗೆ ಅಪರಿಚಿತವೆನಿಸಲಿಲ್ಲ. ನಮ್ಮ ಹಟ್ಟಿಯಲ್ಲಿಯೂ ಅಂಥದೊಂದು ಕಾಲವಿತ್ತು. ಪ್ರಾಣಿ ಬೇರೆ, ಅಷ್ಟೆ. ನಮ್ಮದು ಗಿಡ್ಡ ದನ. ಊರದನ ಎಂದರೂ ಅದೇ. ತುಳುವಿನಲ್ಲಿ ‘ಪೆತ್ತ’ ಎಂದರೆ ನಮ್ಮ ಮಕ್ಕಳ ಮನಸ್ಸಿಗೆ ಬರುತ್ತಿದ್ದುದು ಈ ಸೊಂಟದೆತ್ತರದ ಜೀವವೇ ಹೊರತು ಕ್ಯಾಲೆಂಡರಿನ ಚಿತ್ರದ ಭಾರಿ ಗೋವಲ್ಲ.

ಪಶುವಿಜ್ಞಾನಿಗಳು ಇದಕ್ಕೆ ಮಲೆನಾಡು ಗಿಡ್ಡ ಎಂದು ಹೆಸರಿಟ್ಟಿದ್ದಾರೆ. ಬೆಳೆದ ಹಸುವಿನ ತೂಕ ಹೆಚ್ಚೆಂದರೆ ನೂರು, ನೂರಿಪ್ಪತ್ತು ಕಿಲೋ; ಎತ್ತರ ಒಂದು ಮೀಟರಿಗೂ ಕಡಮೆ. ಕರಿದು, ಕೆಂದು, ಬಿಳಿದು, ಕಂದು, ಹೀಗೆ ಬಣ್ಣ ಯಾವುದೂ ಆಗಬಹುದು. ಗುಡ್ಡ ಹತ್ತುವುದರಲ್ಲಿ ಆಡಿಗೆ ಸಮ. ಸುರಿಯುವ ಮಳೆಯಲ್ಲಿಯೂ ನಿಂತು ಮೇಯುತ್ತದೆ. ದಿನಕ್ಕೆ ಒಂದೆರಡು ಲೀಟರು ಹಾಲು ಕೊಟ್ಟರೆ ಅದೇ ದೊಡ್ಡದು. ಬಹುಕಾಲ ಇದನ್ನು ತಳಿಯೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಜಾತಿಯಿಲ್ಲದ ಕೀಳು ದನವೆಂದು ಸರಕಾರದ ಕಾಗದಪತ್ರಗಳು ಬದಿಗೆ ಸರಿಸಿದ್ದವು. ಈ ಶತಮಾನದ ಎರಡನೆಯ ದಶಕದಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿ ದಾಖಲಿಸಿತು. ಕಡಬ ತಾಲ್ಲೂಕಿನ ಕೊಯಿಲದಲ್ಲಿರುವ ಪಶುಸಂಗೋಪನಾ ಇಲಾಖೆಯ ಸಂವರ್ಧನ ಕೇಂದ್ರದಲ್ಲಿಯೂ ಗಿಡ್ಡಗಳನ್ನು ಸಾಕುತ್ತಾರೆ. ಮನೆಮನೆಯ ಹಟ್ಟಿಯಲ್ಲಿ ತುಂಬಿದ್ದಷ್ಟು ದಿನ ಹೆಸರಿಲ್ಲದ ದನಕ್ಕೆ, ಹಟ್ಟಿ ಬರಿದಾಗತೊಡಗಿದ ಮೇಲೆ ಹೆಸರು ಬಂತು.

ನಮ್ಮ ಹಟ್ಟಿಯಲ್ಲಿ ಕರುಗಳ ಸುಗ್ಗಿ ಆರಂಭವಾಗುತ್ತಿದ್ದುದು ಕೆಡ್ಡಸದ ಆಸುಪಾಸಿನಲ್ಲಿ. ಪೊನ್ನಿ ತಿಂಗಳ ಕೊನೆಗೆ, ಎಂದರೆ ಫೆಬ್ರವರಿಯ ನಡುವಿಗೆ, ಭೂಮಿತಾಯಿ ಮೈನೆರೆಯುವಳೆಂದು ತುಳುವರು ಮೂರು ದಿನ ನೆಲ ಅಗೆಯದೆ, ಹಸಿ ಗಿಡ ಕಡಿಯದೆ ಇರುವ ಹಬ್ಬವದು. ಅದರ ಲೆಕ್ಕವೂ ಸರಳ. ಮೇ ತಿಂಗಳ ಹೊಸ ಮಳೆಗೆ ಚಿಗುರಿದ ಹುಲ್ಲು ತಿಂದು ಮೈಕೈ ತುಂಬಿಕೊಂಡ ದನಗಳು ಆಟಿಯೊಳಗೆ ಬೆದೆಗೆ ಬರುತ್ತಿದ್ದವು. ಅಲ್ಲಿಂದ ಒಂಬತ್ತು ತಿಂಗಳು ಹತ್ತು ದಿನ ಎಣಿಸಿದರೆ ಸರಿಯಾಗಿ ಕೆಡ್ಡಸದಿಂದ ಪಗ್ಗುವಿನವರೆಗೆ. ಎಲ್ಲರ ಹಟ್ಟಿಯಲ್ಲಿಯೂ ಹೀಗೆಯೇ ಎಂದು ನಾನು ವಾದಿಸುವುದಿಲ್ಲ. ನಮ್ಮಲ್ಲಿ ಹದಿನಾಲ್ಕು ದನಗಳಿದ್ದ ವರ್ಷ ಆರು ಕರುಗಳು ಇಪ್ಪತ್ತೈದು ದಿನಗಳೊಳಗೆ ಬಿದ್ದದ್ದು ನೆನಪಿದೆ.

ಅದೇ ಕಾಲದಲ್ಲಿ ಮನೆಯ ಇತರ ಕೆಲಸಗಳೂ ಮೈಮೇಲೆ ಬಿದ್ದಿರುತ್ತಿದ್ದವು ಎಂಬುದನ್ನು ಮರೆಯಬಾರದು. ಅಂಗಳದ ತುಂಬ ಅಡಿಕೆ ಒಣಗುತ್ತಿದೆ. ತೋಟಕ್ಕೆ ನೀರು ಬಿಡಬೇಕು. ಹಟ್ಟಿಯ ಗೊಬ್ಬರ ತೆಗೆಯುವ ಸಮಯವೂ ಅದೇ. ಗುಡ್ಡದಲ್ಲಿ ಹುಲ್ಲು ಒಣಗಿ ಕಂದಿದೆ. ಬೈಹುಲ್ಲಿನ ಕುತ್ತರಿ ದಿನದಿಂದ ದಿನಕ್ಕೆ ಇಳಿಯುತ್ತಿದೆ. ಬಾಣಂತಿ ಹಸುಗಳ ಹೊಟ್ಟೆಗೆ ಏನು ಹಾಕಬೇಕು? ಅಜ್ಜಿ ಹಲಸಿನ ಸೊಪ್ಪು ಕಡಿಸುತ್ತಿದ್ದಳು. ಎಳೆಯ ಅಡಿಕೆ ಹಾಳೆಯನ್ನು ಸಣ್ಣಗೆ ಕೊಚ್ಚಿ ಕಲಗಚ್ಚಿಗೆ ಬೆರೆಸುತ್ತಿದ್ದಳು. ತೆಂಗಿನ ಹಿಂಡಿಯನ್ನು ಕೈಯಳತೆಯಲ್ಲಿ ಹಂಚುತ್ತಿದ್ದಳು. ದನಗಳು ತಮ್ಮದೇ ಉಪಾಯವನ್ನೂ ಹುಡುಕಿಕೊಳ್ಳುತ್ತಿದ್ದವು. ಗೇರು ಹಣ್ಣಾಗುವ ಹೊತ್ತು ಅದು. ಗೇರುಮರದ ಬುಡದಲ್ಲಿ ಉದುರಿ ಹುಳಿಬಂದ ಹಣ್ಣನ್ನು ಹೊಟ್ಟೆ ಬಿರಿಯ ತಿಂದು, ಸಂಜೆ ಹಟ್ಟಿಗೆ ಬರುವಾಗ ಕಾಲು ಅಡ್ಡಾದಿಡ್ಡಿ ಹಾಕುತ್ತ, ಅರೆಗಣ್ಣು ಮುಚ್ಚಿ ಗೋಡೆಗೆ ಒರಗಿ ನಿಂತ ದನವನ್ನು ಕಂಡು ನಾವು ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅಜ್ಜಿಗೆ ಮಾತ್ರ ನಗು ಬರುತ್ತಿರಲಿಲ್ಲ. ಗಬ್ಬದ ದನ ಹಾಗೆ ತೂರಾಡಿ ಅಗಳಿಗೆ ಬಿದ್ದರೆ ಎರಡು ಜೀವ ಹೋಗುತ್ತದೆ ಎಂದು ಅವಳ ಚಿಂತೆ.

ಗಿಡ್ಡ ದನದ ಒಂದು ಗುಣ ಮನುಷ್ಯರಿಗೆ ಸಂಕಟ ತರುವಂಥದು. ಅದು ಕರು ಹಾಕಲು ಹಟ್ಟಿಯನ್ನೇ ಕಾಯುವುದಿಲ್ಲ. ಬೆಳಗ್ಗೆ ಎಲ್ಲರ ಜತೆ ಗುಡ್ಡಕ್ಕೆ ಹೋದದ್ದು, ಸಂಜೆ ಮಂದೆ ಮರಳಿದಾಗ ಕಾಣುವುದಿಲ್ಲ. ಕಾಡಿನ ಯಾವುದೋ ಪೊದೆಯ ಮರೆಯಲ್ಲಿ ಕರು ಹಾಕಿ, ನೆಕ್ಕಿ ಒಣಗಿಸಿ, ಅದನ್ನು ಅಲ್ಲಿಯೇ ಅಡಗಿಸಿಡುತ್ತದೆ. ಕೆಲವು ಸಲ ತಾಯಿ ಒಂದೇ ಹಟ್ಟಿಗೆ ಬಂದು, ಏನೂ ಆಗದ ಹಾಗೆ ಕಲಗಚ್ಚು ಕುಡಿದು, ಬೆಳಗ್ಗೆ ಪುನಃ ಹೊರಟುಹೋಗುವುದುಂಟು. ಕೆಚ್ಚಲು ನೋಡಿದರೆ ಗೊತ್ತಾಗುತ್ತದೆ, ಕರು ಕುಡಿದಿದೆ. ಎಲ್ಲಿದೆ? ಆಗ ಹುಡುಕಾಟ. ನೇರವಾಗಿ ಹಿಂಬಾಲಿಸಿದರೆ ಅದು ಹೋಗಬೇಕಾದ ಕಡೆಗೆ ಹೋಗುವುದೇ ಇಲ್ಲ. ತಿರುಗಿ ನೋಡುತ್ತದೆ, ಸುಮ್ಮನೆ ಮೇಯುವ ನಟನೆ ಮಾಡುತ್ತದೆ, ನಮ್ಮನ್ನು ಎದುರು ಗುಡ್ಡಕ್ಕೆ ಕೊಂಡೊಯ್ದು ದಣಿಸುತ್ತದೆ. ಹಟ್ಟಿಯ ಕೆಲಸಕ್ಕೆ ಬರುತ್ತಿದ್ದ ಅಕ್ಕನೊಬ್ಬಳು ಇದರಲ್ಲಿ ನಿಪುಣೆ. ಅವಳು ದನದ ಹಿಂದೆ ಹೋಗುತ್ತಿರಲಿಲ್ಲ. ಎತ್ತರದ ಒಂದು ಪಾದೆಕಲ್ಲಿನ ಮೇಲೆ ಮುಟ್ಟಾಳೆ ತಲೆಗಿಟ್ಟು ಕುಳಿತು ತಾಸುಗಟ್ಟಲೆ ಕಾಯುತ್ತಿದ್ದಳು. ದನ ಎಲ್ಲಿ ಕಿವಿ ನಿಮಿರಿಸಿತು, ಯಾವ ದಿಕ್ಕಿಗೆ ಸಣ್ಣ ಸ್ವರದಲ್ಲಿ ಕರೆಯಿತು ಎಂಬುದಷ್ಟನ್ನೇ ನೋಡಿಕೊಂಡು ಇಳಿದುಹೋಗಿ, ಕರುವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಹುಟ್ಟಿದ ಗಿಡ್ಡ ಕರು ಹತ್ತು ಕಿಲೋ ತೂಗಿದರೆ ಹೆಚ್ಚು. ಹೆಗಲಲ್ಲಿ ಬಟ್ಟೆಯ ಗಂಟಿನಂತೆ ಮಲಗಿರುತ್ತದೆ. ಹಿಂದೆ ತಾಯಿ ಮೂಗಿನಿಂದ ಅವಳ ಬೆನ್ನನ್ನು ಮುಟ್ಟುತ್ತ ಬರುತ್ತಿತ್ತು.

ಕತ್ತಲೆಯೊಳಗೆ ಸಿಕ್ಕದಿದ್ದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಪಶ್ಚಿಮಘಟ್ಟದ ಅಡಿಯ ಊರು ನಮ್ಮದು. ಚಿರತೆ ಆಗಲೂ ಇತ್ತು, ಈಗಲೂ ಇದೆ. ಹೊಸ ಕರುವಿಗೆ ಗಂಧ ಕಡಮೆ, ಅದು ಅಲುಗಾಡದೆ ಮಲಗಿರುತ್ತದೆ, ಆದ್ದರಿಂದಲೇ ಅಡಗಿಸುವ ಉಪಾಯ ಸಾವಿರಾರು ವರ್ಷ ನಡೆದುಬಂದಿರಬೇಕು. ಆದರೂ ಒಂದು ವರ್ಷ ನಮಗೆ ಸಿಕ್ಕಿದ್ದು ನಾಲ್ಕು ಗೊರಸು ಮಾತ್ರ.

ಹಟ್ಟಿಯಲ್ಲಿಯೇ ಕರು ಹಾಕುವ ದನದ ಲಕ್ಷಣಗಳನ್ನು ಅಜ್ಜಿ ದೂರದಿಂದಲೇ ಓದುತ್ತಿದ್ದಳು. ಬಾಲದ ಬುಡದ ಎರಡು ಬದಿ ಸಡಿಲಾಗಿ ಗುಳಿ ಬೀಳುತ್ತದೆ. ಕೆಚ್ಚಲು ಬಿಗಿದು ಹೊಳೆಯುತ್ತದೆ. ದನ ಮಲಗುತ್ತದೆ, ಏಳುತ್ತದೆ, ತನ್ನ ಹೊಟ್ಟೆಯನ್ನು ತಾನೇ ತಿರುಗಿ ನೋಡುತ್ತದೆ. ಆಗ ಅದನ್ನು ಉಳಿದವುಗಳಿಂದ ಬೇರೆ ಕಟ್ಟಿ, ಕೆಳಗೆ ಒಣ ತರಗೆಲೆ ಹರಡಿ, ದೀಪ ತಗ್ಗಿಸಿ ಎಲ್ಲರೂ ದೂರ ಕುಳಿತುಕೊಳ್ಳಬೇಕು. ‘ಹೆರುವವಳ ಮುಖ ನೋಡುತ್ತ ನಿಲ್ಲಬಾರದು’ ಎಂದು ಅಜ್ಜಿ ನಮ್ಮನ್ನು ಅಟ್ಟುತ್ತಿದ್ದಳು. ಮೊದಲು ನೀರಿನ ಚೀಲ, ಆಮೇಲೆ ಎರಡು ಮುಂಗಾಲುಗಳ ಬಿಳಿಯ ಗೊರಸು, ಅವುಗಳ ಮೇಲೆ ಒರಗಿದ ಮೂತಿ. ಈ ಕ್ರಮದಲ್ಲಿ ಬಂದರೆ ಮನುಷ್ಯರಿಗೆ ಅಲ್ಲಿ ಕೆಲಸವಿಲ್ಲ. ಗಿಡ್ಡಗಳಲ್ಲಿ ಹತ್ತಕ್ಕೆ ಒಂಬತ್ತು ಹೆರಿಗೆ ಹಾಗೆಯೇ ಮುಗಿಯುತ್ತಿತ್ತು.

ಮುಗಿದ ಮೇಲಿನ ಕೆಲಸ ಮನೆಯವರದು. ಕರುವಿನ ಮೂಗು ಬಾಯಿಯ ಲೋಳೆ ಒರಸಬೇಕು, ಹೊಕ್ಕುಳಿಗೆ ಎಣ್ಣೆಯಲ್ಲಿ ಕಲಸಿದ ಅರಸಿನ ಹಚ್ಚಬೇಕು (ಈಗ ಅಯೊಡಿನ್ ಹಚ್ಚುತ್ತೇವೆ, ಹೊಕ್ಕುಳ ಕೊಳೆತು ಗಂಟು ಬಾತು ಸಾಯುವ ಕರುಗಳು ಅದರಿಂದ ಉಳಿಯುತ್ತವೆ). ತಾಯಿಗೆ ಬಿದಿರಿನ ಸೊಪ್ಪು, ಬೆಲ್ಲ ಹಾಕಿದ ಬಿಸಿ ಕುಚ್ಚಲಕ್ಕಿ ಗಂಜಿ. ಮಾಸು ಬೀಳುವವರೆಗೆ ಒಬ್ಬರು ಕಾವಲಿರಬೇಕು, ಏಕೆಂದರೆ ದನ ಅದನ್ನು ತಾನೇ ತಿಂದುಬಿಡುತ್ತದೆ. ಬಿದ್ದ ಮಾಸನ್ನು ಒಣ ಬಾಳೆಲೆಯಲ್ಲಿ ಕಟ್ಟಿ ಹಾಲು ಸುರಿವ ಮರದ ಕೊಂಬೆಗೆ ತೂಗಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇತ್ತು. ಮರದ ಹಾಲಿಗೂ ದನದ ಹಾಲಿಗೂ ಏನು ಸಂಬಂಧವೋ ನಾನರಿಯೆ. ನಾಯಿಗಳ ಬಾಯಿಗೆ ಸಿಗದಂತೆ ಮೇಲೆ ಕಟ್ಟಿದ್ದು ಮಾತ್ರ ಬುದ್ಧಿವಂತಿಕೆ.

ಇನ್ನು ಗಿಣ್ಣಿನ ವಿಚಾರ. ಹಳದಿ ಬಣ್ಣದ ಆ ಮಂದ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಅಡ್ಡಕೊಯ್ದು ಬಡಿಸಬಹುದಾದಷ್ಟು ಗಟ್ಟಿಯಾಗುತ್ತದೆ. ಅದರ ರುಚಿಯನ್ನು ವರ್ಣಿಸಿದರೆ ಪುಟ ಸಾಲದು. ಆದರೆ ನಮ್ಮ ಮನೆಯಲ್ಲಿ ಅದಕ್ಕಾಗಿ ಪ್ರತಿ ವರ್ಷ ಸಣ್ಣ ಜಗಳವೇ ನಡೆಯುತ್ತಿತ್ತು. ನಾವು ಮಕ್ಕಳು ಮೊದಲ ಹೊತ್ತಿನ ಹಾಲೇ ಬೇಕೆಂದು ಹಟ ಹಿಡಿಯುತ್ತಿದ್ದೆವು. ಅಜ್ಜಿ ಕರುವಿನ ಹೊಟ್ಟೆ ತುಂಬುವ ತನಕ ಪಾತ್ರೆಯನ್ನು ಹಟ್ಟಿಯೊಳಗೆ ಬಿಡುತ್ತಿರಲಿಲ್ಲ. ಮಾಸು ಬೀಳದೆ ಕರುವಿಗೆ ಮೊಲೆ ಕೊಡಬಾರದು ಎಂಬ ನಂಬಿಕೆ ಊರಿನಲ್ಲಿ ಬಲವಾಗಿತ್ತು. ಅಜ್ಜಿ ಅದನ್ನೂ ಕೇಳುತ್ತಿರಲಿಲ್ಲ. ‘ಎದ್ದು ನಿಂತಿತೋ, ಕುಡಿಯಬೇಕು’ ಎನ್ನುವಳು. ಅವಳು ಹೇಳಿದ್ದೇ ಸರಿ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮನುಷ್ಯರ ಶಿಶುವಿನಂತೆ ಕರುವಿಗೆ ಗರ್ಭದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ದೊರೆಯುವುದಿಲ್ಲ. ಅದೆಲ್ಲ ಗಿಣ್ಣಿನಲ್ಲಿಯೇ ಇದೆ. ಅದನ್ನು ಹಾಗೆಯೇ ರಕ್ತಕ್ಕೆ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದೂ ಹುಟ್ಟಿದ ಒಂದು ದಿನದ ಮಟ್ಟಿಗೆ ಮಾತ್ರ, ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಮಾಸಿಗೆ ಕಾದು ಕುಳಿತ ಮನೆಗಳಲ್ಲಿ ಹದಿನೈದನೆಯ ದಿನಕ್ಕೆ ಭೇದಿಯಾಗಿ ಸತ್ತ ಕರುಗಳ ಲೆಕ್ಕವನ್ನು ಯಾರಿಟ್ಟಿದ್ದಾರೆ!

ಇಷ್ಟು ಸುಖವಾಗಿ ನಡೆದುಬಂದ ವ್ಯವಸ್ಥೆಗೆ ಏಟು ಬಿದ್ದದ್ದು ಹೇಗೆಂದು ಹೇಳದಿದ್ದರೆ ಈ ಬರಹ ಬರಿಯ ಹಳೆಯ ಕಾಲದ ಹೊಗಳಿಕೆಯಾದೀತು. ೧೯೮೪ನೆಯ ಇಸವಿ. ಹೆಚ್ಚು ಹಾಲಿನ ಮಿಶ್ರತಳಿಯ ಮಾತು ಎಲ್ಲೆಲ್ಲೂ ಕೇಳಿಬರುತ್ತಿದ್ದ ಕಾಲ. ಅಪ್ಪನಿಗೂ ಆಸೆ ಹುಟ್ಟಿತು. ತಪ್ಪಲ್ಲ, ಏಳು ಜನ ಮಕ್ಕಳ ಮನೆಗೆ ಎರಡು ಲೀಟರು ಹಾಲು ಎಲ್ಲಿಗೆ ಸಾಕು? ಬೊಳ್ಳಿ ಎಂಬ ನಮ್ಮ ಚೊಚ್ಚಲ ಕಡಸಿಗೆ ಸೀಮೆತಳಿಯ ಹೋರಿಯ ವೀರ್ಯವನ್ನು ಕೊಡಿಸಿದರು. ನೂರು ಕಿಲೋ ತೂಗದ ಕಡಸು. ಹೊಟ್ಟೆ ಬೆಳೆದದ್ದನ್ನು ಕಂಡು ಅಜ್ಜಿ ಮಾತು ಕಡಮೆ ಮಾಡಿದಳು.

ನೋವು ಆರಂಭವಾದದ್ದು ಸಂಜೆ. ರಾತ್ರಿ ಹತ್ತಾದರೂ ಗೊರಸುಗಳ ತುದಿಯಲ್ಲದೆ ಬೇರೇನೂ ಕಾಣಲಿಲ್ಲ. ಪಶುವೈದ್ಯರನ್ನು ಕರೆಯಲು ಹದಿನೆಂಟು ಮೈಲಿ ಹೋಗಬೇಕು. ಕೊನೆಯ ಬಸ್ಸು ಹೋಗಿಯಾಗಿತ್ತು. ಅಣ್ಣ ಸೈಕಲ್ಲು ತೆಗೆದುಕೊಂಡು ಹೊರಟ. ಅತ್ತ ಗುಡ್ಡದಾಚೆಯ ಮನೆಯ ಅಜ್ಜನನ್ನು ಕರೆತಂದರು. ಆತನಿಗೆ ಈ ಕೈಕೆಲಸ ಗೊತ್ತಿತ್ತು. ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿ ಕೈಯಾಡಿಸಿ ನೋಡಿ, ‘ಅಣ್ಣೇರೆ, ಕಾಲು ಸಿಗುತ್ತದೆ, ತಲೆ ದಾರಿಗೆ ಹಿಡಿಸುವುದಿಲ್ಲ. ದಾರಿ ಸಣ್ಣದಲ್ಲ, ಕರು ದೊಡ್ಡದು’ ಎಂದ. ಅಪ್ಪ ಉತ್ತರ ಕೊಡಲಿಲ್ಲ. ಬೊಳ್ಳಿ ಕೂಗುವುದನ್ನೂ ನಿಲ್ಲಿಸಿ, ಕೊರಳನ್ನು ನೆಲಕ್ಕೆ ಚಾಚಿ ಮಲಗಿತ್ತು. ಮೆತ್ತಗಿನ ಬಟ್ಟೆಯ ಹಗ್ಗವನ್ನು ಕರುವಿನ ಕಾಲಿಗೆ ಹಾಕಿ, ಬೊಳ್ಳಿ ಮುಕ್ಕಿದಾಗ ಮಾತ್ರ ಎಳೆದು, ಅದು ಬಿಟ್ಟಾಗ ಬಿಟ್ಟು, ಮೂರು ತಾಸು ಆ ಅಜ್ಜ ಒಂದೇ ಸಮನೆ ದುಡಿದ. ಕರು ಹೊರಗೆ ಬಂದಾಗ ಉಸಿರಿರಲಿಲ್ಲ. ಕೆಂಪು ಬಿಳಿ ಮಚ್ಚೆಗಳ, ನಮ್ಮ ಹಟ್ಟಿಯಲ್ಲಿ ಅದುವರೆಗೆ ಕಾಣದಷ್ಟು ದೊಡ್ಡ, ಚೆಲುವಾದ ಹೆಣ್ಣುಕರು. ಬೊಳ್ಳಿಯ ಹಿಂಗಾಲುಗಳಿಗೆ ಬಲವಿರಲಿಲ್ಲ. ಬೆಳಗ್ಗೆ ಅಣ್ಣನೊಡನೆ ವೈದ್ಯರು ಬಂದು ಸೂಜಿಮದ್ದು ಕೊಟ್ಟರು. ಸೊಂಟದ ನರ ಜಜ್ಜಿದೆ, ಎದ್ದರೆ ನಾಲ್ಕು ದಿನದಲ್ಲಿ ಏಳಬೇಕು, ಇಲ್ಲವಾದರೆ ಇಲ್ಲ ಎಂದರು.

ಆ ನಾಲ್ಕು ದಿನ ಅಪ್ಪ ತೋಟದ ಕಡೆ ಹೋಗಲಿಲ್ಲ. ಹೊಟ್ಟೆಯಡಿಗೆ ಗೋಣಿ ಹಾಯಿಸಿ, ಅದಕ್ಕೆ ಹಗ್ಗ ಬಿಗಿದು, ಹಟ್ಟಿಯ ಅಡ್ಡದಿಂದ ತೂಗುಹಾಕಿ ದಿನಕ್ಕೆ ಮೂರು ಸಲ ಅದನ್ನು ಎತ್ತಿ ನಿಲ್ಲಿಸುತ್ತಿದ್ದರು. ಮಗ್ಗುಲು ಬದಲಿಸುತ್ತಿದ್ದರು. ಕಾಲುಗಳಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಹಟ್ಟಿಯಲ್ಲಿ ಮರಿಗೆ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಬೊಳ್ಳಿ ತಾನೇ ಎದ್ದು, ನಡುಗುತ್ತ, ಸತ್ತ ಕರುವನ್ನು ಮಲಗಿಸಿದ್ದ ಜಾಗದ ತರಗೆಲೆಯನ್ನು ಮೂಸುತ್ತ ನಿಂತಿತ್ತು. ಅಪ್ಪ ಎಂಜಲು ಕೈಯಲ್ಲಿಯೇ ಹಟ್ಟಿಯ ಬಾಗಿಲಲ್ಲಿ ನಿಂತುಬಿಟ್ಟರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಿಶ್ರತಳಿಯನ್ನು ನಾನು ದೂರುತ್ತಿಲ್ಲ. ದೊಡ್ಡ ಮೈಯ ಹಸುವಿಗೆ ದೊಡ್ಡ ಕರು ಸಲ್ಲುತ್ತದೆ. ಎಷ್ಟೋ ಮನೆಗಳ ಮಕ್ಕಳು ಆ ಹಾಲಿನ ದುಡ್ಡಿನಿಂದ ಓದಿದ್ದಾರೆ. ಸಣ್ಣ ಮೈಯನ್ನು ಅಳೆಯದೆ ದೊಡ್ಡ ಬೀಜ ಹಾಕಿದ್ದು ತಪ್ಪಾಯಿತು. ಆಮೇಲೆ ನಮ್ಮ ಹಟ್ಟಿಯಲ್ಲಿ ಊರ ಬೋರಿಯೇ ಉಳಿಯಿತು.

ಹಾಲಿಗಾಗಿ ಗಿಡ್ಡವನ್ನು ಸಾಕಿದವರು ಹಿಂದೆಯೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾಕಿದ್ದು ಗೊಬ್ಬರಕ್ಕೆ. ನಮ್ಮ ಹಟ್ಟಿಯಲ್ಲಿ ನೆಲ ಗುಡಿಸುವುದಿಲ್ಲ. ದಿನವೂ ಹೊಸ ಸೊಪ್ಪು ಹಾಸುತ್ತಾರೆ. ಸಗಣಿ, ಗಂಜಲ, ಸೊಪ್ಪು ಪದರಪದರವಾಗಿ ತುಳಿಯಲ್ಪಟ್ಟು ದನಗಳು ನಿಂತ ನೆಲವೇ ಮೇಲೇರುತ್ತದೆ. ಬೇಸಗೆಯಲ್ಲಿ ಅಗೆದು ತೆಗೆದರೆ ಕಪ್ಪಗೆ ಹೊಗೆಯಾಡುವ ಗೊಬ್ಬರ. ೧೯೫೬ರಲ್ಲಿ ಆರಂಭವಾದ ವಿಟ್ಲದ ಅಡಿಕೆ ಸಂಶೋಧನ ಕೇಂದ್ರದವರು ಮರವೊಂದಕ್ಕೆ ವರ್ಷಕ್ಕೆ ೧೨ ಕಿಲೋ ಹಟ್ಟಿಗೊಬ್ಬರ, ೧೨ ಕಿಲೋ ಹಸಿಸೊಪ್ಪು ಬೇಕೆನ್ನುತ್ತಾರೆ. ಸಾವಿರ ಮರದ ತೋಟವೆಂದರೆ ೧೨ ಟನ್ನು ಗೊಬ್ಬರ. ಎಂಟು ಹತ್ತು ಗಿಡ್ಡಗಳ ಹಟ್ಟಿ ಅದನ್ನು ಸದ್ದಿಲ್ಲದೆ ಒದಗಿಸುತ್ತಿತ್ತು. ಈಗ ಅದೇ ೧೨ ಟನ್ನು ಲಾರಿಯಲ್ಲಿ ಬರುತ್ತದೆ, ಕುರಿಯ ಹಿಕ್ಕೆಯಾಗಿ. ಚಳ್ಳಕೆರೆಯ ಬಯಲಲ್ಲಿ ಮಂದೆ ಮಲಗಿಸಬೇಕಾದ ಹೊಲಕ್ಕೆ ಅದು ದಕ್ಕದೆ ಹೋಗುತ್ತದೆಯಲ್ಲ ಎಂದು ಗೋಣಿ ಇಳಿಸುವಾಗಲೆಲ್ಲ ನನಗನ್ನಿಸುತ್ತದೆ.

ಹಟ್ಟಿಗಳು ಏಕೆ ಬರಿದಾದವು? ಮೇಯಲು ಗುಡ್ಡ ಉಳಿಯಲಿಲ್ಲ. ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಜಾಗವನ್ನು ಕುಮ್ಕಿಯೆಂದು ಸೊಪ್ಪಿಗೂ ಮೇವಿಗೂ ಬಳಸುವ ಹಕ್ಕು ನಮ್ಮ ಜಿಲ್ಲೆಯ ಕೃಷಿಕರಿಗೆ ಇತ್ತು. ಆ ಕುಮ್ಕಿಯಲ್ಲಿ ಈಗ ರಬ್ಬರು, ಗೇರು, ಎಳೆಯ ಅಡಿಕೆ. ಸುಳ್ಯದ ಕಡೆ ರಬ್ಬರು ಹಬ್ಬಿದ್ದಕ್ಕೆ ಬೇರೊಂದು ಕಥೆಯೂ ಉಂಟು: ೧೯೬೪ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಬದುಕು ಕಲ್ಪಿಸಲು ಸರಕಾರ ಅಲ್ಲಿ ರಬ್ಬರು ತೋಟಗಳನ್ನು ಎಬ್ಬಿಸಿತು. ನೆಲೆ ಕಳೆದುಕೊಂಡವರಿಗೆ ನೆಲೆಯಾಯಿತು, ಅದನ್ನು ತಪ್ಪೆನ್ನಲಾರೆ. ಆಮೇಲೆ ಖಾಸಗಿಯವರೂ ರಬ್ಬರಿಗೆ ಬಿದ್ದರು, ಬೇಲಿಗಳೆದ್ದವು. ದನದ ಹಿಂದೆ ಹೋಗುತ್ತಿದ್ದ ಹುಡುಗರು ಶಾಲೆಗೆ ಹೋದರು, ಅದು ಒಳ್ಳೆಯದೇ. ಗದ್ದೆಗಳು ತೋಟವಾದವು, ಉಳಿದ ಗದ್ದೆಗೆ ಟಿಲ್ಲರು ಬಂತು. ಗಂಡುಕರು ಹುಟ್ಟಿದರೆ ಮನೆಯವರ ಮುಖ ಸಣ್ಣದಾಗುವ ಕಾಲ ಬಂತು. ೨೦೨೨ರಲ್ಲಿ ರಾಜ್ಯದಲ್ಲೆಲ್ಲ ಚರ್ಮಗಂಟು ರೋಗ ಹಬ್ಬಿದಾಗ ನಮ್ಮ ನೆರೆಯ ಇಬ್ಬರು, ಇನ್ನು ಸಾಕು ಎಂದು ಹಟ್ಟಿಯ ಮಾಡನ್ನೇ ಇಳಿಸಿದರು.

ನನ್ನಲ್ಲಿ ಈಗ ಮೂರು ದನಗಳಿವೆ. ಮೂರೂ ಬೊಳ್ಳಿಯ ಸಂತತಿ. ಅನಂತರ ಅದು ಊರ ಬೋರಿಯಿಂದ ಒಂಬತ್ತು ಕರು ಹಾಕಿತು. ಮಗ ಬೆಂಗಳೂರಿನಿಂದ ಬಂದಾಗಲೆಲ್ಲ, ‘ಅಪ್ಪ, ಈ ಪ್ರಾಯದಲ್ಲಿ ನಿಮಗೆ ಇದು ಯಾತಕ್ಕೆ?’ ಎಂದು ಕೇಳುತ್ತಾನೆ. ಅವನ ಮಾತಿನಲ್ಲಿ ಸತ್ಯವಿದೆ; ನನ್ನ ಮೊಣಕಾಲು ಅವನ ಪಕ್ಷ. ಯಾರಿಗಾದರೂ ಕೊಟ್ಟುಬಿಡೋಣವೆಂದು ಈ ವರ್ಷ ಮಾತು ಬಹುಮಟ್ಟಿಗೆ ನಿಶ್ಚಯವಾಗಿತ್ತು.

ಕೆಡ್ಡಸದ ಎರಡನೆಯ ದಿನ ಸಂಜೆ ಎರಡೇ ದನಗಳು ಹಟ್ಟಿಗೆ ಬಂದವು. ಬೇಲಿಯ ಹೊರಗೆ ಉಳಿದಿರುವ ಕಾಡು ಒಂದೆಕರೆ ಇರಬಹುದು. ಮಗನೂ ನಾನೂ ಟಾರ್ಚು ಹಿಡಿದು ಹೊರಟೆವು. ಅವನು ದನದ ಹೆಸರು ಹಿಡಿದು ಕೂಗುತ್ತ ಮುಂದೆ ಮುಂದೆ ಹೋಗುತ್ತಿದ್ದ. ಅವನ ತೋಳು ಹಿಡಿದು ನಿಲ್ಲಿಸಿ, ದೀಪ ಆರಿಸಲು ಹೇಳಿ, ಇಬ್ಬರೂ ಒಂದು ಕಲ್ಲಿನ ಮೇಲೆ ಕುಳಿತೆವು. ಅರ್ಧ ತಾಸು ಕಳೆದಿರಬೇಕು. ಕೆಳಗೆ ಕೇಪಳದ ಪೊದೆಯ ಕಡೆಯಿಂದ, ಗಂಟಲೊಳಗೇ ಉಳಿದಂತಹ ಒಂದು ಸಣ್ಣ ಸ್ವರ ಕೇಳಿಸಿತು. ಮಗ ನನ್ನ ಮುಖ ನೋಡಿದ. ನಾನು ಕುಳಿತೇ ಇದ್ದೆ, ಅವನೇ ಇಳಿದುಹೋದ.